ಬೂದಿಯಲ್ಲಿ ಉಳಿದ ಮೊಣಕಾಲು

"ಇದ್ರಲ್ಲಿ ಯಾವುದು ನಿಮಗೆ ಬೇಕೋ ನೀವೇ ಆರಿಸ್ಕೊಳ್ಳಿ ಬಾಪಾ," ಎಂದು ಮಸಣ ಕಾಯುವ ಮೇಪಾ ಭಗತ ಎಣ್ಣೆಡಬ್ಬಿಯನ್ನು ಗೋಣಿಚೀಲದ ಮೇಲೆ ಬೋರಲು ಹಾಕಿದ.

ಗಲಗಲ ಸದ್ದು ಮಾಡುತ್ತ ಬಿದ್ದದ್ದು ಹನ್ನೆರಡು ವರ್ಷಗಳಿಂದ ಬಾವಳಿಯಾ ಊರಿನ ಮಸಣದಲ್ಲಿ ಬೆಂದವರ ಮೈಯೊಳಗಿದ್ದ ಲೋಹ. ತೊಡೆಯ ಸರಳು, ಮುಂಗೈಯ ಪಟ್ಟಿ, ಕಪ್ಪಾದ ತಿರುಪುಮೊಳೆಗಳು. ಮೂರನೆಯ ದಿನ ಬೂದಿಯಿಂದ ಎಲುಬಿನ ಚೂರು ಆರಿಸಲು ಬರುವವರು ಇವನ್ನು ಮುಟ್ಟುತ್ತಿರಲಿಲ್ಲ. ತಾಯಿಯ ಹೊಟ್ಟೆಯಿಂದ ತಂದದ್ದು ನದಿಗೆ, ಕಾರ್ಖಾನೆಯಿಂದ ಬಂದದ್ದು ಮೇಪಾನ ಡಬ್ಬಿಗೆ. ಯಾರು ಮಾಡಿದ ಕಟ್ಟಳೆಯೋ, ಹಾಗೇ ನಡೆದುಬಂದಿತ್ತು.

ವಶರಾಮ ಪಿಠ್ವಾ ಕುಕ್ಕರಗಾಲಿನಲ್ಲಿ ಕೂತು ಕನ್ನಡಕ ಏರಿಸಿದ. ಎದುರು ಮನೆಯ ಕಡವೀ ಮಾ ಸತ್ತು ಒಂಬತ್ತು ದಿನವಾಗಿತ್ತು. ಅತ್ತೆಯನ್ನು ಜಗಲಿಯಿಂದ ತಳ್ಳಿ ಕೊಂದಳೆಂದು ಸೊಸೆ ಜೀವತಿಯನ್ನು ಪೊಲೀಸರು ಎಳೆದೊಯ್ದು ನಾಲ್ಕು ದಿನವಾಗಿತ್ತು. ನಾಳೆ ಹನ್ನೊಂದಕ್ಕೆ ಕೋರ್ಟು, ಅಲ್ಲಿಂದ ರಾಜಕೋಟದ ಜೈಲು.

"ನಂಗೂ ಮೊಣಕಾಲು ಹಾಕಿಸ್ಕೋ ಅಂದ್ರು," ಎಂದ ಮೇಪಾ, ತನ್ನ ಬೊಚ್ಚುಬಾಯಿ ತೆರೆದು. "ಬ್ಯಾಡಪ್ಪಾ ಅಂದೆ. ಕಡೇಗೆ ನನ್ನ ಡಬ್ಬೀಗೆ ನಾನೇ ಬೀಳೋದು, ಎತ್ತಿಡೋಕೆ ಯಾರಿದಾರೆ?"

"ನಾನಿರ್ತೀನಿ ಬಿಡು."

"ನೀವಾ? ನಿಮ್ಮನ್ನ ನಾನು ಎತ್ತಿಡ್ಬೇಕು. ವಯಸ್ಸು ಯಾರದ್ದು ಜಾಸ್ತಿ?"

ವಶರಾಮ ನಗಲಿಲ್ಲ. ಅವನ ಕೈಗೆ ಬೇಕಾದದ್ದು ಸಿಕ್ಕಿತ್ತು.

ಮೊದಲ ಸಲ ಹಾಕುವ ಮೊಣಕಾಲಿಗೆ ಕೆಳಗಡೆ ಗಿಡ್ಡ ಗೂಟವಷ್ಟೇ ಇರುತ್ತದೆ. ಇದಕ್ಕೆ ಗೇಣುದ್ದದ ಬೇರಿತ್ತು. ಬೇರಿನ ಬುಡದಲ್ಲಿ, ಅಂಗೈಯಲ್ಲಿ ಹಿಡಿಸುವಷ್ಟು ದಪ್ಪದ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ, ಅಂಗಿಯ ತೋಳಿನಂಥ ಒಂದು ಲೋಹದ ಕೊಳವೆ; ಕಾರ್ಖಾನೆಯವರ ಮಾತಿನಲ್ಲಿ ತೋಳು. ಎರಡನೆಯ ಸಲ ಕೊಯ್ದು ಹಾಕಿದ ಮೊಣಕಾಲು. ಈ ಊರಲ್ಲಿ ಅಂಥದ್ದು ಹಾಕಿಸಿಕೊಂಡವಳು ಕಡವೀ ಮಾ ಒಬ್ಬಳೇ.

ಗುದ್ದಲಿಗೆ ಕಾವು ಹಾಕಿದವರಿಗೆ ಈ ಸಂಗತಿ ಹೇಳಿಕೊಡಬೇಕಾಗಿಲ್ಲ. ಮೊದಲ ಕಾವು ತಾನಾಗಿ ಬಿಗಿಯಾಗಿ ಕೂರುತ್ತದೆ. ಅದು ಅಲ್ಲಾಡಿ, ಕಣ್ಣು ಸವೆದು ಅಗಲವಾದ ಮೇಲೆ ಎರಡನೆಯದನ್ನು ಸುಮ್ಮನೆ ತುರುಕಿದರೆ ನಿಲ್ಲದು, ಬೆಣೆ ಬೇಕು. ಮೊದಲ ಮೊಣಕಾಲು ಸಡಿಲವಾದಾಗ ಎಲುಬಿನ ತುದಿ ಹಳೆಯ ದಿಂಡಿನಂತೆ ಟೊಳ್ಳಾಗಿರುತ್ತದೆ. ಭಾರವನ್ನು ಅಲ್ಲಿ ಇಳಿಸುವ ಹಾಗಿಲ್ಲ. ಬೇರು ಅದನ್ನು ಆಳದ ಗಟ್ಟಿ ಎಲುಬಿಗೆ ಒಯ್ಯಬೇಕು, ತೋಳು ಟೊಳ್ಳನ್ನು ತುಂಬಿ ಹಿಡಿಯಬೇಕು. ತೋಳು ಹಿಡಿಯುವುದು ತನ್ನ ಒರಟಿನಿಂದ. ಮೈತುಂಬ ಸಾಸಿವೆಗಿಂತ ಸಣ್ಣ ಗುಂಡುಗಳು, ಅವುಗಳ ನಡುವೆ ತೂತುಗಳು. ಆ ತೂತುಗಳೊಳಗೆ ಎಲುಬು ಬೆಳೆದು ಹೆಣೆದುಕೊಳ್ಳಬೇಕು. ಬೆಳೆಯುವ ತನಕ ತೋಳು ಕೂದಲೆಳೆಗಿಂತ ಹೆಚ್ಚು ಅಲುಗಬಾರದು. ಹೆಚ್ಚು ಅಲುಗಿದರೆ ಎಲುಬಿನ ಬದಲು ಮೆತ್ತನೆಯ ಪೊರೆ ಬೆಳೆಯುತ್ತದೆ. ಪೊರೆಯ ಮೇಲೆ ನಿಂತ ಮೊಣಕಾಲು ಕೆಸರಿನಲ್ಲಿ ನೆಟ್ಟ ಕಂಬ.

ವಶರಾಮ ಇದನ್ನು ಪುಸ್ತಕದಲ್ಲಿ ಓದಿದವನಲ್ಲ. ಹತ್ತೊಂಬತ್ತು ವರ್ಷ ರಾಜಕೋಟದ ಕಾರ್ಖಾನೆಯೊಂದರ ಹಿಂದಿನ ಕೋಣೆಯಲ್ಲಿ, ಮೊಣಕಾಲುಗಳನ್ನು ನಡೆಸಿ ನೋಡುವ ಯಂತ್ರದ ಪಕ್ಕ ಕೂತಿದ್ದ. ಮನುಷ್ಯನಿಲ್ಲದ ಕಾಲು ಅಲ್ಲಿ ಲಕ್ಷಗಟ್ಟಲೆ ಹೆಜ್ಜೆ ಹಾಕುತ್ತಿತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ. ಹೆಂಡತಿ ಸತ್ತ ವಾರವೂ ಅವನು ಆ ಹೆಜ್ಜೆ ಕೇಳುತ್ತ ಕೂತಿದ್ದ. ಸದ್ದು ಬದಲಾದರೆ ಯಾವುದೋ ಒಂದು ಕಡೆ ಹಿಡಿತ ತಪ್ಪಿತೆಂದು ಅರ್ಥ. ಆ ಕಿವಿ ಅವನಿಗೆ ಈಗಲೂ ಇತ್ತು. ಕೇಳಲು ಮಾತ್ರ ಮನೆಯಲ್ಲಿ ಯಾರ ಹೆಜ್ಜೆಯೂ ಇರಲಿಲ್ಲ.

ಅವನು ಲೋಹದ ತೋಳನ್ನು ಪಂಚೆಯ ತುದಿಯಿಂದ ಒರೆಸಿ ಹೆಬ್ಬೆರಳಿನ ಉಗುರಿನಿಂದ ಗೀರಿದ.

ಉಗುರು ಜಾರಿತು.

ಮತ್ತೆ ಗೀರಿದ. ಮತ್ತೆ ಜಾರಿತು.

"ಮೇಪಾ, ಬೆಂಕಿ ಹೇಗಿತ್ತು ಅವತ್ತು?"

"ತಲೆ ಕಡೆ ಜೋರಿತ್ತು. ಕಾಲ ಕಡೆ ಹಾಕಿದ್ದು ಹಸೀ ಜಾಲಿ ಕಟ್ಟಿಗೆ, ಹೊಗೆಯಾಡ್ತಾ ಇತ್ತು. ಯಾಕೆ?"

"ಒಳ್ಳೇದಾಯ್ತು."

ಬೆಂಕಿ ಕಡಿಮೆಯಿದ್ದ ಕಾರಣಕ್ಕೆ ಒಂದು ಮಗ್ಗುಲಲ್ಲಿ ಎರಡು ಬೆರಳಗಲ ಲೋಹದ ಮೈ ಹಾಗೇ ಉಳಿದಿತ್ತು. ಭೂತಗನ್ನಡಿ ಹಿಡಿದು ನೋಡಿದ. ಸಣ್ಣ ಗುಂಡುಗಳ ನೆತ್ತಿಯೆಲ್ಲ ತೇಯ್ದು ಚಪ್ಪಟೆಯಾಗಿತ್ತು. ನಡುವಿನ ತೂತುಗಳಲ್ಲಿ ಮೇಣದಂಥದ್ದೇನೋ ಕರಗಿ, ಸುಟ್ಟು ಕಪ್ಪಾಗಿ ಕೂತಿತ್ತು. ಎಲುಬು ಹೋಗಬೇಕಾದ ಜಾಗ.

ಯಾರೋ ಇದಕ್ಕೆ ಪಾಲಿಶ್ ಹೊಡೆದಿದ್ದರು.

ಆಪರೇಷನ್ ಮಾಡಿದ್ದ ಡಾಕ್ಟರ್ ವಸಾವಡಾ ಪೊಲೀಸರಿಗೆ ಬರೆದುಕೊಟ್ಟ ಕಾಗದದಲ್ಲಿ ಒಂದೇ ಮಾತಿತ್ತು: ಮೊಣಕಾಲು ಬಿಗಿಯಾಗಿ ಕೂತಿತ್ತು, ತಾನಾಗಿ ಜಾರುವಂತಿರಲಿಲ್ಲ. ತಾನಾಗಿ ಜಾರದಿದ್ದರೆ ಯಾರೋ ತಳ್ಳಿರಬೇಕು. ಮನೆಯಲ್ಲಿದ್ದವಳು ಜೀವತಿ ಒಬ್ಬಳೇ. ಕಡವೀ ಮಾಳ ಅಣ್ಣನ ಮಗ ರಣಮಲ ದೂರು ಕೊಟ್ಟಿದ್ದು ಅದರ ಆಧಾರದ ಮೇಲೆ.

ಜೇಬಿನಿಂದ ಫೋನು ತೆಗೆದು ವಶರಾಮ ಠಾಣೆಯ ಫೋಜದಾರ ಚಾವಡಾನಿಗೆ ಕರೆ ಮಾಡಿದ.

"ಸಾಹೇಬ್ರೇ, ಸಿಕ್ತು. ಮೊಣಕಾಲು ಬಿಗಿ ಇರ್ಲಿಲ್ಲ. ಒರಟು ಇರ್ಬೇಕಾದ ಕಡೆ ಪಾಲಿಶ್ ಮಾಡಿದಾರೆ."

"ಕಾಕಾ, ಹೋದ ಸಲ ಬಂದಾಗ ನಿಮ್ಮ ಕಿವಿ ಸಾಕ್ಷಿ ಅಂದ್ರಿ. ಈಗ ಉಗುರು. ನಾಳೆ ಏನು, ಮೂಗಾ?"

"ತಮಾಷೆ ಬಿಡಿ. ಜೀವತೀನ ಒಂದು ಮಾತು ಕೇಳಿ. ಆಸ್ಪತ್ರೇಲೇ ಅಲ್ವಾ ಅವಳ ಕೆಲಸ? ಅತ್ತೆಗೆ ಹಾಕಿದ ಸಾಮಾನು ಮೊಹರು ಒಡೆಯದ ಡಬ್ಬೀಲಿ ಬಂತಾ, ಹ್ಯಾಗೆ ಬಂತು ಅಂತ."

"ಕೇಳ್ತೀನಿ. ಆದ್ರೆ ಪಾಲಿಶ್ ಮಾಡಿದೋರ ಹೆಸರು ಸಂಜೆ ಒಳಗೆ ಬೇಕು. ಹೆಸರಿಲ್ದೆ ಕೋರ್ಟಲ್ಲಿ ನಾನು ಬರೀ ಲೋಹ ತೋರಿಸ್ಲಾ?"

ಫೋನು ಇಟ್ಟಾಗ ಮೇಪಾ ಗೋಣಿಚೀಲ ಮಡಿಸುತ್ತಿದ್ದ. "ಹೇಳೋದು ಮರ್ತೆ ಬಾಪಾ. ನಿನ್ನೆ ಬಿಳೀ ಕಾರಲ್ಲಿ ಒಬ್ಬ ಬಂದಿದ್ದ. ಇದನ್ನೇ ಕೇಳ್ದ. ನದೀಗೆ ಹಾಕ್ಬಿಟ್ಟೆ ಅಂದೆ."

"ಯಾಕೆ ಸುಳ್ಳು ಹೇಳ್ದೆ?"

"ಚಪ್ಪಲಿ ಹಾಕ್ಕೊಂಡೇ ಚಿತೆ ಹತ್ರ ಬಂದ. ಅಂಥೋನಿಗೆ ನಿಜ ಬೇರೆ ಹೇಳ್ಬೇಕಾ?"

*

ಬಸ್ಸು ರಾಜಕೋಟದ ಕಡೆ ಹೊರಟಾಗ ಹನ್ನೊಂದು ದಾಟಿತ್ತು. ಕಿಟಕಿಯಾಚೆ ಶೇಂಗಾ ಹೊಲಗಳಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಕೈಚೀಲ ವಶರಾಮನ ತೊಡೆಯ ಮೇಲಿತ್ತು. ಅದರ ಭಾರ ಕಡಿಮೆಯೇ. ಕಡವೀ ಮಾ ಈಗ ಇಷ್ಟೇ.

ಅವಳ ಹೆಜ್ಜೆ ಅವನಿಗೆ ಗೊತ್ತಿತ್ತು. ಬೇಸಿಗೆಯಿಂದೀಚೆಗೆ ಪ್ರತಿ ಬೆಳಿಗ್ಗೆ ಕೇಳುತ್ತಿದ್ದ. ಮಂಚದಿಂದ ಎದ್ದ ಮೊದಲ ನಾಲ್ಕು ಹೆಜ್ಜೆಗೆ ಅವಳು 'ಹೇ ರಾಮ್' ಎನ್ನುತ್ತಿದ್ದಳು, ಐದನೆಯದರಿಂದ ಸುಮ್ಮನೆ ನಡೆಯುತ್ತಿದ್ದಳು. ಸಡಿಲ ಬೇರಿನ ಗುರುತೇ ಅದು: ಕೂತು ಎದ್ದಾಗ ಮೊದಲು ಜಗ್ಗುತ್ತದೆ, ಆಮೇಲೆ ತನ್ನ ತಗ್ಗಿನಲ್ಲಿ ಕೂರುತ್ತದೆ. ಜೊತೆಗೆ ಕಣಕಾಲಿನ ನಡುಮಧ್ಯ, ಬೇರಿನ ತುದಿ ಎಲುಬಿಗೆ ಗುದ್ದುವ ಜಾಗದಲ್ಲಿ, ನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ತಿಕ್ಕುತ್ತಿದ್ದವಳು ಜೀವತಿ. ಇಬ್ಬರೂ ವಿಧವೆಯರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ವಶರಾಮನಿಗೆ ಎಲ್ಲ ತಿಳಿದಿತ್ತು. ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟ ಮುದುಕ ಓಣಿ ದಾಟಿ ಹೋಗಿ, ಮಾ, ನಿನ್ನ ಮೊಣಕಾಲಿನ ಸದ್ದು ಸರಿಯಿಲ್ಲ ಎಂದರೆ ಯಾರು ಕೇಳುತ್ತಾರೆ ಎಂದು ಬಾಗಿಲಲ್ಲೇ ನಿಂತಿದ್ದ. ನಿಂತದ್ದು ಅಭ್ಯಾಸವಾಗಿತ್ತು.

ಬಸ್ಸು ಕುಲುಕಿದಾಗಲೆಲ್ಲ ಅವನು ಮತ್ತೊಂದು ಸಂಗತಿಯನ್ನು ಮನಸ್ಸಿನಿಂದ ದೂರ ತಳ್ಳುತ್ತಿದ್ದ. ತಳ್ಳಿದಷ್ಟೂ ಅದು ಹತ್ತಿರ ಬರುತ್ತಿತ್ತು.

ಆ ಚಪ್ಪಟೆ ನೆತ್ತಿಗಳ ಮೇಲಿನ ಗೆರೆಗಳು ಬಲದಿಂದ ಎಡಕ್ಕೆ ಇಳಿದಿದ್ದವು. ರಾಜಕೋಟದ ಪಾಲಿಶ್‌ಗಾರರು ಎಲ್ಲರೂ ತುಂಡನ್ನು ಬಲಗೈಯಲ್ಲಿ ಒತ್ತುತ್ತಾರೆ. ಗೆರೆ ಎಡದಿಂದ ಇಳಿಯುತ್ತದೆ. ಎಡಗೈಯಲ್ಲಿ ಒತ್ತುವವರು ಅವನಿಗೆ ತಿಳಿದಂತೆ ಒಬ್ಬರೇ. ಚಿಕ್ಕಂದಿನಲ್ಲಿ ತಾಯಿ ಆ ಎಡಗೈಯನ್ನು ಲಂಗದ ಲಾಡಿಗೆ ಕಟ್ಟಿ ಕೂರಿಸುತ್ತಿದ್ದಳು. ಬಿಚ್ಚುತ್ತಿದ್ದವನು ವಶರಾಮ.

*

ತಂಗಿ ಪೂರಿಯ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಪಾಲಿಶ್ ಮಾಡುವ ಬಟ್ಟೆಯ ಚಕ್ರ ಗುಂಯ್ಗುಟ್ಟುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು ಅವಳು ತೊಡೆಯೆಲುಬಿಗೆ ಹಾಕುವ ಲೋಹದ ಗುಂಡೊಂದನ್ನು ಚಕ್ರಕ್ಕೆ ಒತ್ತಿದ್ದಳು. ಎಡಗೈಯಿಂದ. ಮೂವತ್ತು ವರ್ಷದ ಗುಂಯ್ಕಾರ ಅವಳ ಕಿವಿಯನ್ನು ಮುಕ್ಕಾಲು ತಿಂದಿತ್ತು. ವಶರಾಮ ಎದುರು ಬಂದು ನಿಲ್ಲುವ ತನಕ ಅವಳಿಗೆ ಗೊತ್ತಾಗಲಿಲ್ಲ.

ಚಕ್ರ ನಿಂತಿತು. ಸೆರಗು ಕೆಳಗಿಳಿಯಿತು.

"ಅಯ್ಯೋ, ಯಾರಿದು! ದಾರಿ ತಪ್ಪಿ ಬಂದ್ಯಾ ಭಾಯಿ? ರಾಖಿ ಹುಣ್ಣಿಮೆ ಇನ್ನೂ ತಿಂಗಳಿದೆ. ಏಳು ವರ್ಷದ್ದೇ ಬಾಕಿ, ಅದನ್ನ ಕಟ್ಟಿಸ್ಕೊಳ್ಳೋಕೆ ಬಂದ್ಯಾ?"

"ಕೂತ್ಕೋ ಪೂರಿ."

"ಜೋರಾಗಿ ಹೇಳು."

"ಕೂತ್ಕೋ ಅಂದೆ!"

"ಕೂತೇ ಇದೀನಲ್ಲೋ. ಮಜ್ಜಿಗೆ ತರ್ಲಾ? ಸಜ್ಜೆ ರೋಟ್ಲೋ ಇದೆ, ಬದನೆಕಾಯಿ ಇದೆ. ಎಷ್ಟು ಸಣ್ಣಗಾಗಿದೀಯ. ನೀನೇ ಬೇಯಿಸ್ಕೊಳ್ತೀಯಾ, ಇಲ್ಲ ಬರೀ ಕರಿದ ಗಾಂಠಿಯಾ ಮುಕ್ಕಿ ಮಲಗ್ತೀಯಾ?"

ಅವಳೊಂದಿಗೆ ಗುಟ್ಟು ಮಾತಾಡುವಂತಿರಲಿಲ್ಲ. ವಶರಾಮ ಕೊಟ್ಟಿಗೆಯ ಬಾಗಿಲು ಎಳೆದು, ಕೈಚೀಲದಿಂದ ಲೋಹದ ತೋಳನ್ನು ತೆಗೆದು ಅವಳ ಮಡಿಲಿಗೆ ಹಾಕಿದ.

ಪೂರಿ ಅದನ್ನು ಎತ್ತಲಿಲ್ಲ. ಬೆರಳಿನಿಂದ ಒಮ್ಮೆ ತಡವಿದಳು. ಹೆತ್ತ ಮಗುವನ್ನು ಕತ್ತಲಲ್ಲೂ ತಡವಿ ಗುರುತಿಸುವ ಹಾಗೆ.

"ಸುಟ್ಟಿದಾರೆ," ಎಂದಳು.

"ಇದು ನಿನ್ನ ಕೈಯಾ?"

"ನನ್ನದೇ. ಇನ್ಯಾರು ಮಾಡ್ತಾರೆ ಹೀಗೆ?"

ಹೆಮ್ಮೆಯಿಂದಲೇ ಹೇಳಿದಳು. ಅವಳು ಸುಳ್ಳು ಹೇಳಿದ್ದರೆ ಸುಲಭವಿತ್ತು.

"ಪೂರಿ, ಈ ಒರಟು ಬೇಕಂತ್ಲೇ ಮಾಡಿದ್ದು. ಎಲುಬು ಹಿಡ್ಕೊಳ್ಳಲಿ ಅಂತ. ನೀನು ಅದನ್ನ ತೇಯ್ದು ಹಾಕಿದೆ. ಇದನ್ನ ಕಾಲೊಳಗೆ ಇಟ್ಕೊಂಡ ಹೆಂಗಸು ಮೂರೂವರೆ ತಿಂಗಳಿಗೆ ಬಿದ್ದು ಸತ್ಲು. ತಳ್ಳಿದ್ಲು ಅಂತ ಅವಳ ಸೊಸೇನ ಪೊಲೀಸ್ರು ಹಿಡ್ಕೊಂಡು ಹೋಗಿದಾರೆ."

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಮುಖದ ಬಣ್ಣ ನಿಧಾನಕ್ಕೆ ಇಳಿಯಿತು.

"ನಂಗೇನು ಗೊತ್ತು? ಮೂವತ್ತು ವರ್ಷದಲ್ಲಿ ಒರಟಿಂದು ಒಂದಾದ್ರೂ ಕೈಗೆ ಬಂದಿದ್ಯಾ?"

ಅದು ನಿಜ. ದಾರಿಯುದ್ದಕ್ಕೂ ವಶರಾಮ ಯೋಚಿಸಿದ್ದೂ ಅದನ್ನೇ. ಕೆಲಸದ ಕ್ರಮವೇ ಹಾಗೆ: ಎರಕ, ಕಡೆತ, ಪಾಲಿಶ್, ಎಲ್ಲ ಮುಗಿದ ಮೇಲೆ ಬೇರೆ ಕಡೆ ಗುಂಡುಗಳ ಲೇಪ. ಲೇಪವಾದ ತುಂಡು ತೊಳೆದು ಮೊಹರಾಗಿ ಆಸ್ಪತ್ರೆಗೆ ಹೋಗುತ್ತದೆ. ಪಾಲಿಶ್ ಕೊಟ್ಟಿಗೆಗೆ ಹಿಂದಿರುಗುವ ಮಾತೇ ಇಲ್ಲ. ಪೂರಿಯಂಥವರಿಗೆ ಒರಟು ಎಂದರೆ ಇನ್ನೂ ಮುಗಿಯದ ಕೆಲಸ. ಕಾರ್ಖಾನೆಯ ದಾರಿ ಹಿಡಿದು ಬಂದಿದ್ದರೆ ಇದು ಅವಳ ಕೈ ಸೇರುತ್ತಲೇ ಇರಲಿಲ್ಲ. ಬಂದದ್ದು ಹಿಮ್ಮುಖವಾಗಿ, ಆಸ್ಪತ್ರೆಯ ಕಡೆಯಿಂದ.

"ಬಂದಾಗ ಹ್ಯಾಗಿತ್ತು ಇದು? ಹೊಸದಿತ್ತಾ?"

"ಹೊಸದೆಲ್ಲಿ ಬಂತು. ತೂತುಗಳಲ್ಲೆಲ್ಲ ಬೆಳ್ಳಗೆ ಗಾರೆ ಥರ ಕೂತಿತ್ತು. ಗಟ್ಟಿ. ಬಿಸಿನೀರಲ್ಲಿ ನೆನೆಹಾಕಿ, ಸೂಜಿ ತಗೊಂಡು ಒಂದೊಂದೇ ಕಿತ್ತೆ. ಎರಡು ದಿನ ಹಿಡೀತು."

ವಶರಾಮ ಕಣ್ಣು ಮುಚ್ಚಿಕೊಂಡ.

ಗಾರೆಯಲ್ಲ. ಎಲುಬು. ಇನ್ಯಾರದೋ ಕಾಲಿನಲ್ಲಿ ಚೆನ್ನಾಗಿ ಹಿಡಿದುಕೊಂಡಿದ್ದ ತೋಳನ್ನು ಯಾವುದೋ ಕಾರಣಕ್ಕೆ ಕಿತ್ತಿದ್ದರು. ಅದನ್ನೇ ತೊಳೆದು, ಹೊಳೆಸಿ, ಹೊಸದೆಂದು ಕಡವೀ ಮಾಳ ಕಾಲಿಗೆ ಹೊಡೆದಿದ್ದರು. ಬಿಳೀ ಕಾರು ಮಸಣಕ್ಕೆ ಬಂದದ್ದು ಇದಕ್ಕೇ.

"ನೋಡಿದ್ರೆ ಗೊತ್ತಾಗ್ಲಿಲ್ವಾ ನಿಂಗೆ? ಇದೇನು ಅಂತ ಕೇಳ್ಬಾರ್ದಿತ್ತಾ?"

"ಯಾಕೆ ಕೇಳ್ಲಿ?" ಪೂರಿಯ ದನಿ ಏರಿತು. "ನಿನ್ನ ಯಂತ್ರದ್ದು ಅಂದ್ಕೊಂಡೆ. ನೀನು ಮೊಣಕಾಲನ್ನ ಗಾರೆ ಅಚ್ಚಲ್ಲಿ ಕೂರಿಸಿಯೇ ಯಂತ್ರದಲ್ಲಿ ನಡೆಸ್ತಿದ್ದೆ ಅಲ್ವಾ?"

"ನನ್ನ ಯಂತ್ರ? ನಾನು ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು!"

"ಮತ್ತೆ ಸೇರ್ಕೊಂಡೆ ಅಂದ್ಕೊಂಡೆ! ಸೇರಿದ್ರೂ ಬಿಟ್ರೂ ನಂಗೆ ನೀನು ಹೇಳೋದುಂಟಾ? ಅತ್ತಿಗೆ ಸತ್ತಿದ್ದನ್ನೇ ಮೂರು ದಿನ ಆದ್ಮೇಲೆ ಹೇಳಿ ಕಳಿಸ್ದೋನು ನೀನು!"

ಪಕ್ಕದ ಮನೆಯಲ್ಲಿ ಒನಕೆಯ ಸದ್ದು ನಿಂತಿತು. ಯಾರೋ ಕಿವಿಗೊಟ್ಟಿದ್ದರು.

ವಶರಾಮ ಅವಳ ಎದುರು ನೆಲದ ಮೇಲೆ ಕುಳಿತ. ಅವಳ ಕೈಬೆರಳುಗಳ ಸಂದಿಯಲ್ಲಿ ಕಪ್ಪು ಮೇಣ ಇಳಿದು ಚರ್ಮವೇ ಆಗಿತ್ತು.

"ನನ್ನದು ಅಂತ ಯಾಕೆ ಅಂದ್ಕೊಂಡೆ, ಪೂರಿ?"

"ಹಾಗಂತ್ಲೇ ಹೇಳಿದ್ಲು. 'ವಶರಾಮ ಕಾಕಾ ಕಳಿಸಿದಾರೆ, ಪೂರಿ ಅತ್ತೆ ಕೈಯಿಂದ್ಲೇ ಆಗ್ಬೇಕಂತೆ' ಅಂದ್ಲು. ನಿನ್ನ ಹೆಸರು ಹೇಳ್ದೆ ಇದ್ದಿದ್ರೆ ನಾನು ಗುರುತಿಲ್ಲದ ಸಾಮಾನು ಮುಟ್ತಿದ್ನಾ? ಭಾಯಿ ಕಳಿಸಿದ್ದು ಅಂತ ಇನ್ನೂ ಎರಡು ಸುತ್ತು ಜಾಸ್ತಿ ಹೊಳೆಸಿದೆ." ಅವಳು ಕಣ್ಣೊರೆಸಿಕೊಂಡಳು, ಕೆನ್ನೆಗೆ ಕಪ್ಪು ಹತ್ತಿತು. "ಏಳು ವರ್ಷಕ್ಕೆ ಒಂದ್ಸಲ ನೆನಪಾಯ್ತಲ್ಲ ಅಂತ."

"ಯಾರು? ಯಾರು ಹಾಗೆ ಹೇಳಿದ್ದು?"

"ಇನ್ಯಾರು? ನಿನ್ನ ಎದುರು ಮನೆ ಸೊಸೆ. ಜೀವತಿ."

ಕೊಟ್ಟಿಗೆಯ ತಗಡು ಬಿಸಿಲಿಗೆ ಒಮ್ಮೆ ಸಿಡಿಯಿತು.

"ಸುಳ್ಳು," ಎಂದ ವಶರಾಮ.

"ನಂಗೇನು ಬರುತ್ತೆ ಸುಳ್ಳು ಹೇಳಿ? ಹೋಳಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ನಡುಗ್ತಾ ಇದ್ಲು ಪಾಪ, ನೀರು ಕೊಟ್ರೆ ಅರ್ಧ ಮೈಮೇಲೆ ಚೆಲ್ಕೊಂಡ್ಲು. ಬಿಸಿಲಿಗೆ ಅಂದ್ಕೊಂಡೆ. ತಗೊಂಡು ಹೋಗೋಕೆ ಬಂದಾಗ ನಿಂಗೆ ಅಂತ ಒಂದು ಡಬ್ಬಿ ಸುಖಡಿ ಮಾಡಿ ಕೊಟ್ಟೆ. ನಮ್ಮಮ್ಮ ಮಾಡ್ತಿದ್ಲಲ್ಲ, ಬೆಲ್ಲ ಶುಂಠಿ ಹಾಕಿ, ಹಾಗೆ. ಕೊಟ್ಳಾ ಅವಳು ನಿಂಗೆ?"

ಕೊಟ್ಟಿದ್ದಳು. ಹೋಳಿಯ ಹಿಂದಿನ ದಿನ ಓಣಿ ದಾಟಿ ಬಂದು, ತಲೆ ಎತ್ತದೆ, ಡಬ್ಬಿಯನ್ನು ಅವನ ಹೊಸ್ತಿಲ ಮೇಲಿಟ್ಟು ಹೋಗಿದ್ದಳು. ತಾನೇ ಮಾಡಿದ್ದು ಎಂದಿದ್ದಳು. ಅವನು ಐದು ದಿನ ಉಳಿಸಿ ಉಳಿಸಿ ತಿಂದಿದ್ದ. ಸತ್ತ ತಾಯಿಯ ಕೈರುಚಿ ಎದುರು ಮನೆಯವಳಿಗೆ ಹೇಗೆ ಬಂತೆಂದು ಬೆರಗಾಗಿದ್ದ. ಹಬ್ಬ ಮುಗಿದ ಮೂರನೆಯ ದಿನ ಕಡವೀ ಮಾಳ ಆಪರೇಷನ್ ಆಗಿತ್ತು.

"ಕೊಟ್ಳು," ಎಂದ.

"ಚೆನ್ನಾಗಿತ್ತಾ?"

ಅವನು ತಲೆಯಾಡಿಸಿದ. ಮಡಿಲಲ್ಲಿದ್ದ ತೋಳನ್ನು ತೆಗೆದುಕೊಂಡು ಚೀಲಕ್ಕೆ ಹಾಕಲು ಹೋದ, ಕೈ ನಿಂತಿತು. ಇದನ್ನು ಠಾಣೆಗೆ ಒಯ್ದರೆ ತಳ್ಳಿದ ಆರೋಪ ಬಿದ್ದುಹೋಗುತ್ತದೆ. ಆದರೆ ಹೊಳೆಸಿದವಳು ಪೂರಿ, ತಂದವಳು ಜೀವತಿ. ಒಯ್ಯದಿದ್ದರೆ ನಾಳೆ ಹನ್ನೊಂದಕ್ಕೆ ಜೀವತಿ ಕೊಲೆಗಾತಿ. ಅತ್ತೆಯ ಕಣಕಾಲಿಗೆ ದಿನವೂ ಎಣ್ಣೆ ತಿಕ್ಕುತ್ತಿದ್ದವಳಿಗೆ, ಒಳಗಿರುವುದು ಏನೆಂದು ತಿಳಿದಿತ್ತೇ? ನಡುಗಿದ್ದು ಯಾರ ಹೆದರಿಕೆಗೆ?

ಜೇಬಿನಲ್ಲಿ ಫೋನು ಅದುರಿತು. ಚಾವಡಾ.

ಈ ಸಲ ಫೋಜದಾರನ ದನಿಯಲ್ಲಿ ತಮಾಷೆ ಇರಲಿಲ್ಲ.

"ನೀವು ಹೇಳಿದ ಹಾಗೇ ಕೇಳ್ದೆ ಕಾಕಾ. ನಾಲ್ಕು ದಿನ ಬಾಯಿಬಿಡದವಳು ಆ ಲೋಹದ ಮಾತೆತ್ತಿದ ಕೂಡ್ಲೇ ಅಳೋಕೆ ಶುರು ಮಾಡಿದ್ಲು. ಎಲ್ಲ ಬರೆಸಿದಾಳೆ, ಹೆಬ್ಬೆಟ್ಟೂ ಒತ್ತಿದಾಳೆ."

"ಏನಂತೆ?"

"ಆ ತುಂಡು ಅವಳ ಕೈಗೆ ಕೊಟ್ಟು, ನಿಮ್ಮ ತಂಗಿ ಮನೆಗೆ ಕಳಿಸಿದ್ದು ನೀವಂತೆ. ಎಲ್ಲಿದೀರಿ ಈಗ?"

ವಶರಾಮ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಫೋನಿನ ದನಿ ಕೇಳಿಸದ ಪೂರಿ ಅವನ ಮುಖವನ್ನಷ್ಟೇ ನೋಡುತ್ತ, ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಬಾಗಿದಳು.

"ಯಾರೋ ಅದು? ಪಾಪ, ಆ ಹುಡುಗೀನ ಬಿಟ್ರಂತಾ?"